ನನ್ನ ಅಳತೆಯ ಬಂದೂಕು

ನಮ್ಮೂರಲ್ಲಿ ಒಬ್ಬನ ಗುರಿ ಎಂಥದು ಎಂದು ತಿಳಿಯಲು ಅವನನ್ನು ಕೇಳಬೇಕಾಗಿಲ್ಲ, ಅವನ ಅಂಗಳ ನೋಡಿದರೆ ಸಾಕು. ಗುಂಡಿನಿಂದ ತಪ್ಪಿಸಿಕೊಂಡ ಪ್ರಾಣಿ ಹೊತ್ತು ಮುಳುಗುವುದರೊಳಗೆ ಗುಂಡು ಹಾರಿಸಿದವನ ಬಾಗಿಲಿಗೆ ಬಂದು ನಿಲ್ಲುತ್ತದೆ. ಅವನು ‘ಬಾ’ ಎಂದು ಕರೆದು ನೀರಿಡಬೇಕು. ಆಮೇಲೆ ಸಾಯುವ ತನಕ ಅದು ಆ ಮನೆಯದೇ. ಇಂಥವನ್ನು ನಾವು ‘ತಪ್ಪಿದ್ದು’ ಎನ್ನುತ್ತೇವೆ. ಹೆಣ್ಣು ಕೊಡುವವರು ಹುಡುಗನ ಹೊಲ ನೋಡುವ ಮೊದಲು ಅಂಗಳ ನೋಡುತ್ತಾರೆ. ನನ್ನ ಮಾವನವರು ನೋಡಲು ಬಂದ ದಿನ ನನ್ನ ಅಂಗಳದಲ್ಲಿ ಒಂದು ತುಳಸಿ ಗಿಡ ಬಿಟ್ಟರೆ ಏನೂ ಇರಲಿಲ್ಲ. ಅದು ನನ್ನ ಗುರಿಯ ಗುಣವೆಂದು ಅವರು ತಿಳಿದರು. ಆ ತನಕ ನಾನು ಬಂದೂಕನ್ನೇ ಮುಟ್ಟಿರಲಿಲ್ಲ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮದುವೆಯಾಗಿ ಕೆಲವು ವರ್ಷಕ್ಕೆ ನನ್ನ ಅಂಗಳದಲ್ಲಿ ಒಂದು ಮೊಲ, ಒಂದು ಚಿಗರಿ, ಒಂದು ಮುಳ್ಳುಹಂದಿ, ಒಂದು ಮುದಿ ಕಾಡುಹಂದಿ ಮತ್ತು ಒಂದು ಕತ್ತೆ ಇದ್ದವು. ಕತ್ತೆಯ ವಿಷಯ ನಾನೇ ಹೇಳಿಬಿಡುತ್ತೇನೆ. ಊರೆಲ್ಲ ಹೇಳಿಕೊಂಡು ನಕ್ಕದ್ದನ್ನು ಮುಚ್ಚಿಟ್ಟು ಏನು ಬಂತು. ನಾನು ಗುರಿಯಿಟ್ಟದ್ದು ಮೊಲಕ್ಕೆ. ಗುಂಡು ಮೊಲದ ಕಿವಿಯ ಮೇಲಿಂದ ಹಾದು, ಹಳ್ಳದ ದಂಡೆಯಲ್ಲಿ ಮೇಯುತ್ತಿದ್ದ ಮಡಿವಾಳರ ಸಾಬವ್ವನ ಕತ್ತೆಯ ಹೊಟ್ಟೆ ಕೆಳಗಿಂದ ಹೋಯಿತಂತೆ. ಸಂಜೆ ಎರಡೂ ಬಂದವು, ಮೊಲ ಮುಂದೆ, ಕತ್ತೆ ಹಿಂದೆ. ನಾವು ಯಾರಿಗೆ ಗುರಿಯಿಟ್ಟೆವು ಎಂಬುದು ಗುಂಡಿಗೆ ಗೊತ್ತಿಲ್ಲ, ಅದು ಯಾರ ಮಗ್ಗುಲಿಂದ ಹೋಯಿತೋ ಅವರೆಲ್ಲ ಬರುತ್ತಾರೆ. ಸಾಬವ್ವ ಹಗ್ಗ ಹಾಕಿ ಎಳೆದಳು, ಬೈದಳು, ಬೆಲ್ಲ ತೋರಿಸಿದಳು. ಕತ್ತೆ ನನ್ನ ಮುಖವನ್ನೇ ನೋಡುತ್ತ ನಿಂತಿತು. ತಪ್ಪಿದ್ದು ಯಾವಾಗಲೂ ಹಾಗೆ, ಹೊಡೆದವನು ಜೊತೆಗೆ ಬಂದರೆ ಮಾತ್ರ ಹೊಸ್ತಿಲು ದಾಟಿ ಹೊರಗೆ ಹೋಗುತ್ತದೆ. ಅಂದಿನಿಂದ ಸಾಬವ್ವನ ಬಟ್ಟೆಗಂಟು ಹಳ್ಳಕ್ಕೆ ಹೋಗಬೇಕಾದರೆ ಕತ್ತೆಯ ಮುಂದೆ ನಾನೂ ಹೋಗಬೇಕು.

ಉದ್ಯೋಗದಿಂದ ನಾನು ದರ್ಜಿ. ಹೆಸರು ಚಂದ್ರಾಮ. ಊರವರು ಟೇಲರ್ ಎಂದು ಕರೆಯುತ್ತಾರೆ, ನಗಬೇಕೆನಿಸಿದಾಗ ಕತ್ತೆ ಟೇಲರ್ ಎನ್ನುತ್ತಾರೆ. ನನ್ನ ಕೈ ಕೆಟ್ಟದ್ದೇನಲ್ಲ. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತೇನೆ, ಕಾಜಾ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಆದರೆ ಬಂದೂಕು ಎತ್ತಿದ ಕೂಡಲೇ ಪ್ರಾಣಿ ತಲೆಯೆತ್ತುತ್ತದೆ, ಅದರ ಕಣ್ಣು ನನಗೆ ಕಾಣುತ್ತದೆ, ಕಣ್ಣು ಕಂಡರೆ ಮುಗಿಯಿತು, ಮೊಳಕೈಯಿಂದ ಬೆರಳ ತುದಿಯ ತನಕ ನಡುಕ. ಅಳತೆ ಕೊಡಲು ಬಂದವರು ದಿಟ್ಟಿಸಿ ನೋಡಿದರೂ ನನಗೆ ಹೀಗೇ ಆಗುತ್ತದೆ. ಅದಕ್ಕೇ ಗಿರಾಕಿಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಅಳೆಯುತ್ತೇನೆ. ಹಂದಿಗೆ ಹಾಗೆ ಹೇಳಲು ಬರುವುದಿಲ್ಲ.

ಹಾಗಾದರೆ ಬಂದೂಕು ಬಿಡು ಎನ್ನಬಹುದು. ಮೆಕ್ಕೆಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿಯುತ್ತವೆ, ಊರ ಹೊಲ ಕಾಯುವ ಸರದಿ ಮನೆಮನೆಗೂ ಬರುತ್ತದೆ. ಸರದಿಯವನು ಹಂದಿ ಕಂಡರೆ ಹೊಡೆಯಲೇಬೇಕು. ಆಗದವನು ಗೌಡರ ಕಟ್ಟೆಗೆ ಹೋಗಿ ನಾಲ್ಕು ಜನರ ಮುಂದೆ ‘ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದರೆ ಸಾಕು, ಬಂದೂಕಿನ ಬದಲು ಒಂದು ತಗಡಿನ ಡಬ್ಬಿ ಕೊಡುತ್ತಾರೆ. ಅದನ್ನು ಬಾರಿಸಿಕೊಂಡು ಹೊಲ ಸುತ್ತಬೇಕು. ಊರಲ್ಲಿ ಡಬ್ಬಿ ಬಾರಿಸುವವರು ಇಬ್ಬರಿದ್ದರು. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬಳು ಬೆನ್ನು ಬಾಗಿದ ಮುದುಕಿ. ಮೂರನೆಯವನಾಗಲು ನನ್ನ ಮೀಸೆ ಒಪ್ಪಲಿಲ್ಲ. ಮೀಸೆ ಅಂಥ ದೊಡ್ಡದೇನೂ ಅಲ್ಲ.

ಇದರ ಫಲ ಉಂಡವಳು ನನ್ನ ಹೆಂಡತಿ ಕಾಶವ್ವ. ಗುಂಡು ನನ್ನದು, ಸಗಣಿ ಅವಳದು. ಚಿಗರಿಗೆ ಹಸಿ ಹುಲ್ಲು ತರುವವಳು ಅವಳು, ಮುಳ್ಳು ಚುಚ್ಚಿಸಿಕೊಳ್ಳುವವಳು ಅವಳು. ಹೋದ ಸಲ ಬಂದ ಹಂದಿ ಅವಳ ಮದುವೆ ಸೀರೆಯ ಸೆರಗು ತಿಂದು ಹಾಕಿತು. ಅವಳ ತವರು ಕಣಿವೆಯ ಆಚೆ, ಎದುರು ಗುಡ್ಡದ ಇಳಿಜಾರಿನಲ್ಲಿದೆ. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದರೆ ಆ ಮನೆಯ ಹಂಚು ಕಾಣುತ್ತದೆ. ಅವಳು ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಅದನ್ನು ನೋಡುತ್ತ ನಿಲ್ಲುತ್ತಿದ್ದಳು. ಅವಳ ತಂದೆ, ನನ್ನ ಮಾವ ಈರಸಂಗಪ್ಪನವರು, ಜೀವಮಾನದಲ್ಲಿ ಗುರಿ ತಪ್ಪದವರೆಂದು ಎರಡೂ ಗುಡ್ಡದಲ್ಲಿ ಹೆಸರಾದವರು. ಅವರ ಅಂಗಳದಲ್ಲಿ ಒಂದು ಇಲಿಯೂ ಇಲ್ಲ. ಮದುವೆಯಾದ ಮೇಲೆ ಒಮ್ಮೆ ಬಂದಿದ್ದರು. ಊಟಕ್ಕೆ ಕೂತಾಗ ಮುಳ್ಳುಹಂದಿ ಅವರ ತಾಟಿನ ಹತ್ತಿರ ಬಂತು. “ಇದು ಮನಿ ಅಲ್ಲ, ಅಡವಿ,” ಎಂದು ಎದ್ದವರು ಮತ್ತೆ ಬರಲಿಲ್ಲ. ಇವುಗಳನ್ನು ಬಿಟ್ಟು ಕಾಶವ್ವ ಅಲ್ಲಿಗೆ ಹೋಗುವಂತಿರಲಿಲ್ಲ, ಇವು ಇರುವ ತನಕ ಅವರು ಇಲ್ಲಿಗೆ ಬರುವಂತಿರಲಿಲ್ಲ. ಎರಡಕ್ಕೂ ಕಾರಣ ಒಂದೇ.

ಆ ವರ್ಷ ಸರದಿ ಹತ್ತಿರ ಬಂದಾಗ ಅವಳು ಕೈತೊಳೆದು, ಸೆರಗಿಗೆ ಒರೆಸಿಕೊಂಡು, ನನ್ನ ಮಿಷನ್ನಿನ ಎದುರು ಬಂದು ನಿಂತಳು.

“ಒಂದು ಮಾತು ಹೇಳ್ತೀನಿ, ಕೇಳ್ರಿ. ಇನ್ನೊಂದು ಏನಾರ ಈ ಬಾಗಿಲಿಗೆ ಬಂತಂದ್ರ, ಅದು ಒಳಗ ಬರೂದು, ನಾ ಹೊರಗ ಹೋಗೂದು. ತವರಿಗೆ ಹೋಗ್ತೀನಿ. ಕರಿಯಾಕ ಬರಬ್ಯಾಡ್ರಿ.”

“ಹಂಗ್ಯಾಕ ಅಂತಿ ಕಾಶವ್ವ? ಈ ಸಲ ನೋಡು—”

“ನೋಡಿ ನೋಡಿ ಸಾಕಾಗೈತಿ. ಗೌಡ್ರ ಕಟ್ಟಿಗೆ ಹೋಗಿ ಆಗೂದಿಲ್ಲ ಅಂತ ಹೇಳ್ರಿ. ನಾಕು ಮಂದಿ ನಗ್ತಾರ, ನಗಲಿ. ಈಗೇನು ಅಳಾಕತ್ತಾರೇನು?”

ಅವಳು ಜಗಳಕ್ಕಾಗಿ ಹೇಳಿದ್ದಲ್ಲ. ದಣಿದು ಹೇಳಿದ್ದು. ಅದು ನನಗೆ ತಿಳಿಯಿತು, ತಿಳಿದೂ ನಾನು ಕಟ್ಟೆಗೆ ಹೋಗಲಿಲ್ಲ. ಬಂದೂಕು ಮಾಡುವ ಮೌನೇಶ ಬಡಿಗೇರನ ಅಂಗಡಿಗೆ ಹೋದೆ.

ಹತ್ತಿರದಿಂದ ಹೊಡೆದರೆ ಕಣ್ಣು ಕಾಣುತ್ತದೆ, ಕಣ್ಣು ಕಂಡರೆ ಕೈ ನಡುಗುತ್ತದೆ, ಆದ್ದರಿಂದ ಕಣ್ಣು ಕಾಣದಷ್ಟು ದೂರದಿಂದ ಹೊಡೆಯಬೇಕು. ನನಗೆ ಹೊಳೆದ ಯುಕ್ತಿ ಇದು. ಇಷ್ಟು ಸರಳವಾದದ್ದು ಊರಲ್ಲಿ ಯಾರಿಗೂ ಹೊಳೆದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೌನೇಶನಿಗೆ ಬಾಯಿ ಜಾಸ್ತಿ. ಕುಲುಮೆ ಆರಿದರೂ ಮಾತು ಆರುವುದಿಲ್ಲ.

“ದೂರ ಅಂದ್ರ ಎಷ್ಟು ದೂರ, ಟೇಲರ್?”

“ಹಂದಿ ಹೊಲದಾಗ, ನಾ ನಮ್ಮ ಮಾಳಿಗಿ ಮ್ಯಾಲ.”

ಅವನು ಸುತ್ತಿಗೆ ಕೆಳಗಿಟ್ಟ. ನಮ್ಮ ಓಣಿಯಿಂದ ಹಳ್ಳ ದಾಟಿ, ಆಚೆ ಇಳಿಜಾರಿನ ಹೊಲಗಳ ತನಕ ನಮ್ಮೂರಿನ ಯಾವ ಬಂದೂಕಿನ ಗುಂಡೂ ಎಂದೂ ಹೋಗಿರಲಿಲ್ಲ. ಅರ್ಧದಾರಿಗೇ ಮಣ್ಣು ಸೇರುತ್ತಿದ್ದವು.

“ಹುಚ್ಚ ಅದಿಯೇನೋ,” ಎಂದ. ಆಮೇಲೆ ಕಣ್ಣು ಹೊಳೆಯಿತು. “ಆದ್ರ ಮಾಡೂನು. ನನಗೂ ಜೀವಮಾನದಾಗ ಒಂದು ದೊಡ್ಡ ಕೆಲಸ ಬೇಕಾಗೇತಿ.” ಹೀಗೆ ಒಬ್ಬನ ಹುಚ್ಚು ಇಬ್ಬರದಾಯಿತು. ಅವನು ನನಗೆ ಬಂದೂಕು ಮಾಡಿಕೊಡುವುದು, ನಾನು ಅವನ ಮನೆಮಂದಿಗೆಲ್ಲ ಮುಂದಿನ ಹಬ್ಬದ ತನಕ ಬಟ್ಟೆ ಹೊಲಿಯುವುದು ಎಂದು ಮಾತಾಯಿತು. ಅವನ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಕೇಳದೆ ಒಪ್ಪಿದೆ.

ಆ ಮೇಲಿನ ದಿನಗಳು ನನ್ನ ಬಾಳಿನಲ್ಲೇ ಸುಖದ ದಿನಗಳು. ಬಂದೂಕು ಹಾರಿಸುವುದರಲ್ಲಿ ನನಗೆ ಎಂದೂ ಸುಖ ಸಿಕ್ಕಿಲ್ಲ, ಆದರೆ ಅದರ ಯೋಜನೆ ಹಾಕುವುದಿದೆಯಲ್ಲ, ಅದು ಬೇರೆಯೇ. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಬಂದೂಕು ಬರೆದೆ, ಅಳಿಸಿದೆ, ಮತ್ತೆ ಬರೆದೆ. ನಳಿಗೆ ಉದ್ದ ಮಾಡಿದರೆ ಗುಂಡು ದೂರ ಹೋಗುತ್ತದೆ, ಆದರೆ ಮೂತಿ ಭಾರವಾಗಿ ಬಾಗುತ್ತದೆ. ದಪ್ಪ ಮಾಡಿದರೆ ಅಲುಗುವುದಿಲ್ಲ, ಆದರೆ ಎತ್ತುವವನು ಬೇಕು. ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ ಎಂದು ಮೌನೇಶ ಹೇಳಿದ. ಆ ಸುರುಳಿ ಎಷ್ಟು ಬಿಗಿಯಿರಬೇಕು ಎಂಬುದರ ಮೇಲೆ ನಾವಿಬ್ಬರೂ ಚಹಾ ಆರುವ ತನಕ ಜಗಳಾಡಿದೆವು, ಅವನಿಗೆ ಅರ್ಧ ಗೊತ್ತಿತ್ತು, ನನಗೆ ಏನೂ ಗೊತ್ತಿರಲಿಲ್ಲ. ಬೆರಳಿಂದ ಎಳೆಯುವ ಬಂದೂಕಿನ ಕುದುರೆ ಎಷ್ಟು ಹಗುರವಿರಬೇಕೆಂದು ಅವನು ಕೇಳಿದಾಗ ಹೊಲಿಗೆಯ ದಾರ ತೋರಿಸಿ “ಇದು ಹರಿಯೂದಕ್ಕಿಂತ ಹಗುರ” ಎಂದೆ. ಅವನು ಅದನ್ನು ದೊಡ್ಡ ಮಾತೆಂದು ತಿಳಿದು ತಲೆದೂಗಿದ.

ಬಂದೂಕಿನ ಹಿಡಿ ಮಾತ್ರ ನನ್ನ ವಿದ್ಯೆ. ಎಲ್ಲರ ಬಂದೂಕೂ ತಯಾರು ಅಂಗಿಯ ಹಾಗೆ ಯಾರದೋ ಅಳತೆಗೆ ಆದದ್ದು; ನನ್ನದು ನನ್ನ ಮೈಗೆ ಹೊಲಿದ ಹಾಗಿರಬೇಕು. ಕನ್ನಡಿಯ ಮುಂದೆ ನಿಂತು ಭುಜದಿಂದ ಬೆರಳಿಗೆ, ಕೆನ್ನೆಯಿಂದ ಎದೆಗೆ ನನ್ನ ಅಳತೆ ನಾನೇ ತೆಗೆದುಕೊಂಡೆ. ಆ ಅಮಲಿನಲ್ಲಿ ಗೌಡರ ಕೋಟಿನ ತೋಳನ್ನು ಬಂದೂಕಿನ ಹಿಡಿಯ ಅಳತೆಗೆ ಕತ್ತರಿಸಿಬಿಟ್ಟೆ. ಗೌಡರು ಅದನ್ನು ತೊಟ್ಟು, ಮೊಳಕೈಯಲ್ಲೇ ಮುಗಿದ ತೋಳನ್ನು ನೋಡಿ, “ಹೊಸ ನಮೂನಿ ಏನೋ?” ಎಂದರು. ಹೌದೆಂದೆ. ಪಾಪ, ಅದನ್ನೇ ತೊಟ್ಟುಕೊಂಡು ಒಂದು ಮದುವೆಗೆ ಹೋಗಿ ಬಂದರು.

ಹಿಡಿಗೆ ವರ್ಷಗಟ್ಟಲೆ ಒಣಗಿದ ಸಾಗವಾನಿಯೇ ಬೇಕು, ಹಸಿ ಕಟ್ಟಿಗೆ ತಿರುಚಿಕೊಳ್ಳುತ್ತದೆ ಎಂದ ಮೌನೇಶ. ನನ್ನ ಮನೆಯಲ್ಲಿ ಅಂಥ ಸಾಗವಾನಿ ಇದ್ದದ್ದು ಒಂದೇ, ಮದುವೆಯಲ್ಲಿ ಮಾವನವರು ಕೊಟ್ಟ ಮಂಚ. ಕಾಶವ್ವ ಹುಲ್ಲಿಗೆ ಹೋದಾಗ ಅದರ ಕಾಲಬದಿಯ ಪಟ್ಟಿ ಬಿಚ್ಚಿ ಒಯ್ದೆ, ಆ ಬದಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದೆ, ಮೇಲೆ ಕೌದಿ ಇಳಿಬಿಟ್ಟೆ. ಅವಳಿಗೆ ಅಂದೇ ಗೊತ್ತಾಯಿತು. ಹೊರಳಿದರೆ ಮಂಚ ಕೂಗುತ್ತಿತ್ತು.

“ಮಂಚ ತಗೊಂಡು ಬಂದೂಕು ಮಾಡಿಸೂ ಬದಲಿ, ಒಂದು ಚಾಳೀಸು ಮಾಡಿಸ್ಕೊಬೇಕಿತ್ತು,” ಎಂದಳು.

“ನನ್ನ ಕಣ್ಣಿಗೆ ಏನಾಗೈತಿ? ಸೂಜಿಗೆ ದಾರ—”

“ಹಂದಿ ಸೂಜ್ಯಾಗ ಇರೂದಿಲ್ರಿ.”

ಕಣ್ಣಿನ ಮಾತು ಬಂದದ್ದೇ ನನಗೆ ಇನ್ನೊಂದು ನೆನಪಾಯಿತು. ಮಾಳಿಗೆಯಿಂದ ನೋಡಿದರೆ ಹೊಲದ ಹಂದಿ ಕಾಣುವುದು ಹೇಗೆ? ಎಲ್ಲ ಕೂಡಿಸಿ ಮುಗಿಯುವ ತನಕ, ಅದು ಕಾಣುವುದಿಲ್ಲ ಎಂಬುದೇ ನಮಗೆ ಹೊಳೆದಿರಲಿಲ್ಲ. ಮೌನೇಶ ಹಿಂದೆ ಯಾವನೋ ಭೂಮಿ ಅಳೆಯುವವನಿಂದ ಪಡೆದ ಹಿತ್ತಾಳೆಯ ದುರ್ಬೀನು ಹುಡುಕಿ, ತಿಕ್ಕಿ, ನಳಿಗೆಯ ಮೇಲೆ ಕೂರಿಸಿದ. ಗಾಳಿ ನೋಡಲು ಮೂತಿಗೆ ಒಂದು ಕೆಂಪು ದಾರ ಕಟ್ಟುವ ಉಪಾಯ ನನ್ನದು. ದಾರ ಅಲುಗಿದರೆ ಗಾಳಿ, ನಿಂತರೆ ಹೊಡಿ.

ಹೊಡೆದು ನೋಡಲು ಕಲ್ಲಿನ ಕ್ವಾರಿಗೆ ಹೋದೆವು. ಬಂಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ.

“ತಪ್ಪಿದ್ರ ಬಂಡೆ ಏನೂ ಮನಿಗೆ ಬರೂದಿಲ್ಲಲ್ಲ?” ಎಂದೆ.

“ನಿನ್ನ ವಿಷಯದಾಗ ಹೇಳಾಕ ಬರೂದಿಲ್ಲ,” ಎಂದ ಮೌನೇಶ.

ತಪ್ಪಲಿಲ್ಲ. ಗುಂಡು ಗುರುತಿಗೇ ಬಿತ್ತು, ಮತ್ತೊಮ್ಮೆಯೂ ಅಲ್ಲಿಗೇ ಬಿತ್ತು. ಬಂಡೆಗೆ ಕಣ್ಣಿರಲಿಲ್ಲ. ನಾವಿಬ್ಬರೂ ತಬ್ಬಿಕೊಂಡೆವು. ಅಂದು ಸಂಜೆ ಅಂಗಳದಲ್ಲಿ ನಿಂತು ಚಿಗರಿಗೂ ಹಂದಿಗೂ ನನ್ನ ಬಂದೂಕು ತೋರಿಸಿದೆ. ಅವು ಎಂದಿನಂತೆ ನೋಡಿದವು.

ನನ್ನ ಸರದಿಯ ದಿನ ಬೆಳಕು ಹರಿಯುವ ಹೊತ್ತಿಗೆ ಮಾಳಿಗೆ ಹತ್ತಿದೆ. ಚಿಂದಿ ತುಂಬಿದ ಚೀಲದ ಮೇಲೆ ನಳಿಗೆ ಇಟ್ಟು, ಮಂಚದ ಪಟ್ಟಿಯನ್ನು ಭುಜಕ್ಕೆ ಒತ್ತಿಕೊಂಡು ಮಲಗಿದೆ. ಅಷ್ಟು ಚೆನ್ನಾಗಿ ಹೊಂದಿದ ಬಟ್ಟೆಯನ್ನು ನಾನು ಯಾರಿಗೂ ಹೊಲಿದದ್ದಿಲ್ಲ. ಕೆಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಕಾಶವ್ವ ಎರಡಕ್ಕೂ ತಯಾರಾಗುತ್ತಿದ್ದಳು. ಹೊಡೆದರೆ ಮನೆಯಲ್ಲೇ ಊಟ, ತಪ್ಪಿದರೆ ದಾರಿ ಬುತ್ತಿ. ಮೂಲೆಯಲ್ಲಿ ಅವಳ ಬಟ್ಟೆಯ ಗಂಟು ಕಟ್ಟಿಟ್ಟಿತ್ತು. ಆಚೆ ಇಳಿಜಾರಿನಲ್ಲಿ ಜೋಳ ಅಲುಗಿತು. ಒಂದು ಹಂದಿ ಬದುವಿನ ಪಕ್ಕಕ್ಕೆ ಬಂದು ನಿಂತಿತು. ಕೆಂಪು ದಾರ ಅಲುಗಲಿಲ್ಲ. ನಾನು ದುರ್ಬೀನಿಗೆ ಕಣ್ಣಿಟ್ಟೆ.

ಕೊಳವೆಯ ತುಂಬ ಹಂದಿಯೇ ಇತ್ತು. ಅದರ ಕಿವಿಯ ಕೂದಲು ಕಾಣಿಸಿತು, ಮೂತಿಗೆ ಹತ್ತಿದ ಹಸಿ ಮಣ್ಣು ಕಾಣಿಸಿತು. ಆಮೇಲೆ ಅದು ತಲೆಯೆತ್ತಿತು. ಕೋಟಿನ ಗುಂಡಿಯಷ್ಟು ದೊಡ್ಡದಾಗಿ ಅದರ ಕಣ್ಣು ನನ್ನ ಕಣ್ಣಿಗೇ ಬಂದು ಕೂತಿತು. ಕಣ್ಣು ಕಾಣಬಾರದೆಂದು ಇಷ್ಟೆಲ್ಲ ದೂರ ಮಾಡಿ, ಆ ದೂರವನ್ನೆಲ್ಲ ನುಂಗುವ ದುರ್ಬೀನನ್ನು ನಾನೇ ಹಾಕಿಸಿಕೊಂಡಿದ್ದೆ. ಇಷ್ಟು ಹತ್ತಿರದಿಂದ ನಾನು ಯಾವ ಹಂದಿಯನ್ನೂ ನೋಡಿರಲಿಲ್ಲ. ಮೊಳಕೈಯಿಂದ ನಡುಕ ಇಳಿಯಿತು, ದಾರ ಹರಿಯುವುದಕ್ಕಿಂತ ಹಗುರಾದ ಕುದುರೆ ಆ ನಡುಕಕ್ಕೇ ಬಿದ್ದಿತು. ಗುಂಡು ಹೋಯಿತು. ಹಂದಿ ಒಮ್ಮೆ ಕಿವಿ ಕೊಡವಿ, ನಮ್ಮ ಓಣಿಯ ಕಡೆಗೆ ಮುಖ ತಿರುಗಿಸಿತು.

ಕೆಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಅಂದು ಹಗಲೆಲ್ಲ ಮಿಷನ್ನಿನ ಮುಂದೆ ಕೂತು ಏನೇನೋ ಹೊಲಿದೆ, ಎಡತೋಳನ್ನು ಬಲಕ್ಕೆ ಹಚ್ಚಿದೆ, ಬಿಚ್ಚಿದೆ. ಕಾಶವ್ವ ಎಲ್ಲ ಪ್ರಾಣಿಗಳಿಗೂ ನೀರಿಟ್ಟಳು, ಅಂಗಳ ಗುಡಿಸಿದಳು. ಹೊತ್ತು ಇಳಿಯುವಾಗ ಮೌನೇಶನೂ ಅಕ್ಕಪಕ್ಕದವರೂ ಕಂಪೌಂಡಿನ ಗೋಡೆ ಹತ್ತಿ ಕೂತರು. ಇಂಥದನ್ನು ನಮ್ಮೂರಲ್ಲಿ ಯಾರೂ ಬಿಡುವುದಿಲ್ಲ. ಹಂದಿ ಬಂತು. ನಾನು ಬಾ ಎಂದೆ. ಅದು ಒಳಗೆ ಬಂದು, ನೀರು ಕುಡಿದು, ಹಳೆಯ ಹಂದಿಯ ಮಗ್ಗುಲಲ್ಲಿ ಮಲಗಿತು.

ಕಾಶವ್ವ ಗಂಟು ಎತ್ತಿಕೊಂಡು ಹೊರಗೆ ಬಂದಳು.

“ಚಿಗರಿಗೆ ಹಸಿ ಹುಲ್ಲ ಹಾಕ್ರಿ, ಒಣಾದು ತಿನ್ನೂದಿಲ್ಲ. ಮುಳ್ಳಹಂದಿ ಮುಂದ ಬರಿಗಾಲಿಲೆ ತಿರಗಬ್ಯಾಡ್ರಿ.”

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಗುಳ ನನಗೆ ರೂಢಿಯಿದೆ. ಬಿಟ್ಟು ಹೋಗುವವಳು ನನ್ನ ಕಾಲಿಗೆ ಮುಳ್ಳು ಚುಚ್ಚೀತೆಂದು ಹೇಳಿ ಹೋಗುತ್ತಿದ್ದಾಳೆ ಎನ್ನುವಾಗ ನನ್ನ ಎದೆ ಒಡೆಯಿತು. ಅವಳು ತಲಬಾಗಿಲ ತನಕ ಹೋದಳು. ಅಲ್ಲಿ ನಿಂತುಬಿಟ್ಟಳು.

“ಅಪ್ಪಾ!”

ಹೊರಗೆ ನನ್ನ ಮಾವ ಈರಸಂಗಪ್ಪನವರು ನಿಂತಿದ್ದರು. ತಲೆಗೆ ರುಮಾಲಿಲ್ಲ, ಧೋತರದ ಕಚ್ಚೆ ಅರ್ಧಕ್ಕೇ ಸಿಕ್ಕಿಸಿದ್ದು, ಮೊಣಕಾಲ ತನಕ ಧೂಳು, ಕೈಯಲ್ಲಿ ಬಯಲಕಡೆಗೆ ಒಯ್ಯುವ ತಾಮ್ರದ ಚರಿಗೆ.

“ಯಾಕಪ್ಪಾ, ಹಿಂಗ್ಯಾಕ ಬಂದಿ?”

“ನಾ ಎಲ್ಲಿ ಬಂದೇನವ್ವ. ಕಾಲು ಬಂದಾವು. ಮುಂಜಾನಿಂದ ಹೊಳ್ಳಿ ಹೋಗಬೇಕಂತೀನಿ, ತಿರುಗವಲ್ವು.” ಅವಳ ಭುಜದ ಮೇಲಿಂದ ನನ್ನನ್ನು ನೋಡಿದರು. “ಗುಂಡು ಯಾವನದು ಅಂತ ಹಾದಿ ತುಂಬ ವಿಚಾರ ಮಾಡ್ಕೋತ ಬಂದೆ. ಕಾಲು ಈ ಓಣಿ ಹಿಡದ ಮ್ಯಾಲ ವಿಚಾರ ಮಾಡೂದು ಉಳೀಲಿಲ್ಲ.”

ಗೋಡೆಯ ಮೇಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕತ್ತೆಯ ನಂತರ ಮಾವ. ಮನುಷ್ಯ ತಪ್ಪಿದ್ದಾಗಿ ಬಂದದ್ದನ್ನು ನಮ್ಮೂರು ಕಂಡಿರಲಿಲ್ಲ, ಏಕೆಂದರೆ ಆಚೆ ಗುಡ್ಡದ ತನಕ ಹೋಗುವ ಬಂದೂಕನ್ನು ಮಾಡಿಸುವ ಮಹಾಶಯ ಆ ತನಕ ಹುಟ್ಟಿರಲಿಲ್ಲ. ನನಗೂ ಒಂದು ನಗು ತುಟಿಯ ತನಕ ಬಂತು. ಆಗ ಮಾವನವರು ಚರಿಗೆ ಎತ್ತಿ ತೋರಿಸಿದರು. ಈ ಬದಿಗೊಂದು ತೂತು, ಆ ಬದಿಗೊಂದು ತೂತು.

“ಬದುವಿನ ಮರಿಗೆ ಕುಂತಿದ್ದೆ. ಚರಿಗಿ ಮಗ್ಗಲಾಗ ಇಟ್ಟಿದ್ದೆ. ಠಣ್ ಅಂತು, ನೀರೆಲ್ಲ ಸೋರಿ ಹೋತು.”

ಕಾಶವ್ವ ಗಂಟು ಕೆಳಗಿಟ್ಟು ಚರಿಗೆ ಇಸಿದುಕೊಂಡಳು. ತೂತಿನಲ್ಲಿ ಬೆರಳು ಹಾಕಿದಳು. ಬೆರಳು ಆಚೆ ಬಂತು.

“ಎಲ್ಲಿಟ್ಟಿದ್ದಿ ಅಪ್ಪಾ? ತೋರಿಸು.”

ಅವರು ಹೊಸ್ತಿಲ ಹೊರಗೆ, ಎಲ್ಲರ ಎದುರಿಗೆ, ಕುಕ್ಕರುಗಾಲಲ್ಲಿ ಕೂತು ಚರಿಗೆಯನ್ನು ಎಡ ಮಗ್ಗುಲಿಗೆ ಇಟ್ಟು ತೋರಿಸಿದರು. ನನ್ನ ಕೊರಳಲ್ಲಿ ಅಳತೆಯ ಟೇಪು ಇತ್ತು. ಕೈಗೆ ಅದೊಂದೇ ಕೆಲಸ ಗೊತ್ತು. ನನ್ನನ್ನು ಕೇಳದೆ ಅದು ಬಗ್ಗಿ, ತೂತಿನಿಂದ ಅವರ ಪಕ್ಕೆಲುಬಿಗೆ ಟೇಪು ಹಿಡಿಯಿತು. ಒಂದು ಗೇಣು. ಕಾಶವ್ವ ಟೇಪು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಗೋಡೆಯ ಮೇಲೆ ಯಾರೂ ನಗುತ್ತಿರಲಿಲ್ಲ.

ಗಿರಾಕಿ ಒಂದು ಗೇಣು ಬಟ್ಟೆ ತಂದರೆ ನಾನು ಬೈದು ಕಳಿಸುತ್ತೇನೆ. ಅದರಲ್ಲಿ ಕೂಸಿನ ಕುಲಾವಿ ಕೂಡ ಆಗುವುದಿಲ್ಲ. ಅಷ್ಟರ ಮೇಲೆ ಅಂದು ನನ್ನ ಹೆಂಡತಿಯ ತಂದೆಯ ಜೀವ ನಿಂತಿತ್ತು. ದುರ್ಬೀನಿನ ಕೊಳವೆಯಲ್ಲಿ ಹಂದಿ ಇತ್ತು, ಹಂದಿಯ ಆಚೆ ಲೋಕವೇ ಇರಲಿಲ್ಲ. ಆ ಲೋಕದಲ್ಲಿ ಒಬ್ಬರು ಕೂತಿದ್ದರು. ನಳಿಗೆಗೆ, ಸುರುಳಿಗೆ, ಕುದುರೆಗೆ ಇಷ್ಟು ತಲೆ ಓಡಿಸಿದವನು ಹಂದಿಯ ಹಿಂದೆ ಯಾರಿದ್ದಾರೆಂದು ಒಂದು ಸಲ ತಲೆಯೆತ್ತಿ ನೋಡಿರಲಿಲ್ಲ. ನನಗೆ ಅಳು ಬಂತು. ಎಲ್ಲರ ಎದುರಿಗೇ ಅತ್ತೆ.

“ಆಮ್ಯಾಲ ಅಳುವಂತಿ,” ಎಂದರು ಮಾವ. “ಮದ್ಲ ಬಾ ಅನ್ನು. ನೀ ಅನ್ನೂತನಾ ಕಾಲು ಹೊಸ್ತಿಲಾ ದಾಟವಲ್ವು.”

“ಬರ್ರಿ ಮಾವಾರ,” ಎಂದೆ, ಕಾಲು ಮುಟ್ಟಿ.

ಅವರು ಒಳಗೆ ಬಂದರು. ಕಾಶವ್ವ ನೀರು ಕೊಟ್ಟಳು, ಜಗಲಿಯ ಮೇಲೆ ಕೂರಿಸಿದಳು, ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಪಲ್ಯ ಇಟ್ಟಳು. “ಇವು ನಿನಗಂತನ ಬಡದಿದ್ದು. ಅಲ್ಲಿಗೆ ತರಾಕ್ಹತ್ತಿದ್ದೆ,” ಎಂದಳು. ಅವರು ಉಣ್ಣುತ್ತಿರುವಾಗ ಮುಳ್ಳುಹಂದಿ ಬಂದು ತಾಟಿನ ಹತ್ತಿರ ಕೂತಿತು. ಮಾವನವರು ಅದನ್ನು ನೋಡಿದರು. ಈಗ ಅವರೂ ಅದೂ ಒಂದೇ ದಾರಿಯಲ್ಲಿ ಈ ಮನೆಗೆ ಬಂದವರು. ಒಂದು ತುಂಡು ರೊಟ್ಟಿ ಮುರಿದು ಹಾಕಿದರು.

ಗೋಡೆಯ ಮೇಲಿಂದ ಮೌನೇಶ ತಡೆಯಲಾರದೆ ಕೇಳಿದ: “ಏನ್ ಕಾಶವ್ವ, ತವರಿಗೆ ಹೊಂಟಿದ್ದೆಲ್ಲ?”

“ಎಲ್ಲಿಗೆ ಹೋಗ್ಲಿ? ತವರ ಇಲ್ಲೆ ಕುಂತು ಉಣ್ಣಾಕತ್ತೈತಿ,” ಎಂದಳು ಅವಳು. ಹೇಳಿ ಒಳಗೆ ಹೋದಳು. ಮೂಗು ಒರೆಸಿಕೊಳ್ಳುವ ಸಪ್ಪಳ ಕೇಳಿಸಿತು.

ಮಲಗುವಾಗ ಮಾವನವರಿಗೆ ಮಂಚ ಕೊಟ್ಟೆವು. ಅವರು ಕೌದಿ ಎತ್ತಿ ಇಟ್ಟಿಗೆ ನೋಡಿದರು. “ಪಟ್ಟಿ ಎಲ್ಲಿ?” ಎಂದರು. ಮಾಳಿಗೆಯಿಂದ ಬಂದೂಕು ಇಳಿಸಿ ತಂದು ಅವರ ಮುಂದಿಟ್ಟೆ. ತಮ್ಮ ಸಾಗವಾನಿಯನ್ನು ಕೈಯಿಂದ ಸವರಿದರು, ಭುಜಕ್ಕೆ ಹಚ್ಚಿ ನೋಡಿದರು.

“ಬಂದೂಕು ಚಲೋ ಆಗೈತಿ,” ಎಂದರು. “ನಾ ಯಾಕ ಎಂದೂ ತಪ್ಪಿಲ್ಲ, ಗೊತ್ತೈತೇನು? ಹಂದಿ ಹಿಂದ ಬರೇ ಗುಡ್ಡ ಕಂಡಾಗಷ್ಟ ಹೊಡದೀನಿ. ಉಳದ ಸಲ ಹಂದಿ ಕಾಣಲಿಲ್ಲ ಅಂತ ಹೇಳಿ ಮನಿಗೆ ಬಂದೀನಿ.”

“ಹಂಗಂದ್ರ ಎಷ್ಟು ಸಲ ಹೊಡದೀರಿ ಮಾವಾರ?”

ಅವರು ಒಂದು ಕ್ಷಣ ಬಾಗಿಲ ಕಡೆಗೆ ನೋಡಿ, ಕಾಶವ್ವ ಇಲ್ಲವೆಂದು ಖಾತ್ರಿ ಮಾಡಿಕೊಂಡರು. “ಎರಡು ಸಲ,” ಎಂದರು. “ಹೊರಗ ಹೇಳಬ್ಯಾಡ.”

ಬಂದೂಕನ್ನು ಬಿಚ್ಚುವುದು ಮಾಡಿಸುವುದಕ್ಕಿಂತ ಬೇಗ ಆಯಿತು. ಪಟ್ಟಿ ಮಂಚಕ್ಕೆ ಹೋಯಿತು. ನನ್ನ ಭುಜಕ್ಕೆಂದು ಕೊರೆದ ತಗ್ಗು ಈಗ ಮಾವನವರ ಹಿಮ್ಮಡಿಗೆ ಸರಿಯಾಗಿ ಹೊಂದುತ್ತದೆ. ನಳಿಗೆಯನ್ನು ಕಾಶವ್ವ ಊದುಗೊಳವೆ ಮಾಡಿಕೊಂಡಿದ್ದಾಳೆ. ಹೊಗೆ ತಾಗದಷ್ಟು ದೂರ ಕೂತು ಒಲೆ ಊದಬಹುದು, ಭಾರ ಮಾತ್ರ ಜಾಸ್ತಿ ಎನ್ನುತ್ತಾಳೆ. ದುರ್ಬೀನು ಹಿಡಿದು ಮಾವನವರು ಮಾಳಿಗೆ ಹತ್ತಿ, ಆಚೆ ಗುಡ್ಡದ ತಮ್ಮ ಹೊಲದಲ್ಲಿ ಆಳುಗಳು ಯಾವಾಗ ಬಂದರು, ಯಾವಾಗ ಎಲೆ ಅಡಿಕೆ ಹಾಕಲು ಕೂತರು ಎಂದು ನೋಡಿ ಇಲ್ಲಿಂದಲೇ ಬೈಯುತ್ತಾರೆ. ನಾನು ಗೌಡರ ಕಟ್ಟೆಗೆ ಹೋಗಿ, ‘ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದು ಹೇಳಿದೆ. ನಕ್ಕರು. ಕಾಶವ್ವ ಹೇಳಿದ್ದು ನಿಜ, ಮೊದಲಿನಷ್ಟೇ ನಕ್ಕರು, ಹೆಚ್ಚೇನಲ್ಲ. ಗೌಡರು ಆ ಮೋಟು ತೋಳಿನ ಕೋಟಿನಲ್ಲೇ ಎದ್ದು ನನಗೆ ಡಬ್ಬಿ ಕೊಟ್ಟರು.

ತಪ್ಪಿದ್ದು ಹೊಡೆದವನ ಜೊತೆಗಲ್ಲದೆ ಹೊಸ್ತಿಲು ದಾಟುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಹೀಗಾಗಿ ದಿನಾ ಬೆಳಗಾಗುವ ಮುನ್ನ ಮಾವನವರು ನನ್ನನ್ನು ಎಬ್ಬಿಸುತ್ತಾರೆ. ನಾನು ಮುಂದೆ, ಸಾಬವ್ವನ ಬಟ್ಟೆಗಂಟು ಹೊತ್ತ ಕತ್ತೆ ನಡುವೆ, ಚರಿಗೆ ಹಿಡಿದ ಮಾವನವರು ಹಿಂದೆ. ಚರಿಗೆಗೆ ಬೆಸುಗೆ ಹಾಕಿಕೊಡುತ್ತೇನೆಂದು ಮೌನೇಶ ಎಷ್ಟು ಹೇಳಿದರೂ ಅವರು ಕೊಡಲಿಲ್ಲ, ತೂತುಗಳಿಗೆ ಎರಡು ಬೆರಳು ಒತ್ತಿಕೊಂಡೇ ನೀರು ಒಯ್ಯುತ್ತಾರೆ. ಹಳ್ಳದ ಹತ್ತಿರ ಅವರು ಜೋಳದ ಮರೆಗೆ ಹೋಗುತ್ತಾರೆ, ನಾನು ಈಚೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಆ ಹೊತ್ತಿಗೆ ಯಾವುದೋ ಮನೆಯವನು ತನ್ನ ಸರದಿಗೆ ಬಂದೂಕು ಹಿಡಿದು ಎಲ್ಲೋ ಕೂತಿರುತ್ತಾನೆ, ಹಂದಿಯೊಂದನ್ನೇ ನೋಡುತ್ತ. ಹಂದಿಯ ಹಿಂದೆ ನಮ್ಮವರೊಬ್ಬರು ಇದ್ದಾರೆ ಎಂದು ಅವನಿಗೆ ತಿಳಿಯಬೇಕು. ನಾನು ಡಬ್ಬಿ ಬಾರಿಸುತ್ತೇನೆ, ಕೈ ನೋಯುವ ತನಕ. ಒಂದು ದಿನ ಕೈ ಬದಲಿಸಲು ಸ್ವಲ್ಪ ನಿಲ್ಲಿಸಿದೆ. ಜೋಳದೊಳಗಿಂದ ಕೂಗು ಬಂತು.

“ಬಾರಸೋ ಚಂದ್ರಾಮ, ನಿಲ್ಲಸಬ್ಯಾಡ. ನಾ ಇನ್ನೂ ಇಲ್ಲೇ ಅದೀನಿ.”